ಅರ್ಧ ಕಪ್ಪಾದ ಬೆಳ್ಳಿ

“ಕಣ್ಣು ಹಾಗೆ ಒತ್ತಬೇಡಿ. ಮೈಕ್ರೋಸ್ಕೋಪ್ ಅದು, ಬೀಗದ ಕಿಂಡಿ ಅಲ್ಲ,” ಎಂದರು ಡಾಕ್ಟರಮ್ಮ.

ತನಿಖಾಧಿಕಾರಿ ತಲೆ ಎತ್ತಲಿಲ್ಲ. ಠಾಣೆಯಲ್ಲಿ ಅವಳಿಗೆ ಎದುರಿಗೆ ಮೇಡಂ, ಬೆನ್ನ ಹಿಂದೆ ಜರಡಿ ಎಂದು ಹೆಸರು. ಯಾರು ಏನು ಹೇಳಿದರೂ ಅಲ್ಲಾಡಿಸಿ ಅಲ್ಲಾಡಿಸಿ ನೋಡುವವಳು, ಅದಕ್ಕೆ. ಆ ಹೆಸರು ಅವಳ ಕಿವಿಗೂ ಬಿದ್ದಿತ್ತು. ಬೇಜಾರೇನೂ ಇರಲಿಲ್ಲ, ಜೊತೆಯವರಲ್ಲಿ ಕೆಲವರಿಗೆ ಅಂಟಿದ್ದ ಹೆಸರು ಇನ್ನೂ ಕೆಟ್ಟದ್ದಿತ್ತು.

ಮಸೂರದ ಕೆಳಗಿದ್ದದ್ದು ಉಗುರಿನಗಲದ ಗಾಜಿನ ಚಿಪ್. ಅದರೊಳಗೆ ಕೂದಲೆಳೆಯಷ್ಟು ಕಿರಿದಾದ ಕಾಲುವೆ. ಕಾಲುವೆಯ ತಳದಲ್ಲಿ ಎರಡು ಲೋಹದ ಪಟ್ಟಿಗಳು, ಒಂದು ಪ್ಲಾಟಿನಂ, ಒಂದು ಬೆಳ್ಳಿ. ಹೋದ ವಾರ ಈ ಚಿಪ್ ಈ ಪ್ರಯೋಗಾಲಯದ ಯಜಮಾನರ ತೋಳಿನ ಮೇಲಿತ್ತು. ಮೈಯಲ್ಲಿ ಸಕ್ಕರೆ ಏರಿದೆ ಎಂದು ಸುಳ್ಳು ಹೇಳಿತು. ಸೊಂಟದಲ್ಲಿದ್ದ ಪಂಪ್ ಅದನ್ನು ನಂಬಿ ಇನ್ಸುಲಿನ್ ಬಿಡುತ್ತಲೇ ಹೋಯಿತು. ಯಜಮಾನರು ಕುರ್ಚಿಯಲ್ಲಿ ಕೂತಲ್ಲೇ ತೀರಿಕೊಂಡರು.

ಚಿಪ್ ತಯಾರಿಸಿದ ಹುಡುಗಿ ಈಗ ಠಾಣೆಯ ಬೆಂಚಿನ ಮೇಲಿದ್ದಳು. ಇಲ್ಲಿ ಅವಳನ್ನು ಎಲ್ಲರೂ ಚಿಮಟ ಎನ್ನುತ್ತಿದ್ದರು. ಕೈಯಲ್ಲಿ ಚಿಮಟ ಇಲ್ಲದೆ ಅವಳನ್ನು ಯಾರೂ ನೋಡಿರಲಿಲ್ಲ. ಸಂಜೆಯೊಳಗೆ ಬೇರೆ ದಾರಿ ಕಾಣದಿದ್ದರೆ ಅವಳ ಮೇಲೆ ಕೊಲೆ ಕೇಸು ಹಾಕಿ ಜೈಲಿಗೆ ಕಳಿಸುವುದೆಂದು ಸಾಹೇಬರು ಬೆಳಿಗ್ಗೆಯೇ ಹೇಳಿಬಿಟ್ಟಿದ್ದರು. ತೆರೆದ ಫೈಲು ಕಂಡರೆ ಸಾಹೇಬರಿಗೆ ಮೈಯೆಲ್ಲ ತುರಿಕೆ.

“ನಿಮ್ಮ ವರದಿಯಲ್ಲೇ ಇದೆಯಲ್ಲ, ಪ್ಲಾಟಿನಂ ಮೇಲೆ ಪೊರೆ ಇಲ್ಲ ಅಂತ,” ಡಾಕ್ಟರಮ್ಮ ಹೇಳಿದರು. “ಪೊರೆಯ ಲೇಪ ಹಾಕೋದನ್ನ ಬಿಟ್ಟಿದ್ದಾಳೆ. ಇನ್ನೇನು ಹುಡುಕ್ತೀರಿ?”

ಡಾಕ್ಟರಮ್ಮ ಎಂದರೆ ಔಷಧಿ ಬರೆದುಕೊಡುವ ಡಾಕ್ಟರಲ್ಲ. ಲೋಹ ದ್ರವವನ್ನು ಮುಟ್ಟುವ ಗಡಿಯಲ್ಲಿ ಏನೇನಾಗುತ್ತದೆ ಎಂದು ದಪ್ಪ ಪ್ರಬಂಧ ಬರೆದು ಡಾಕ್ಟರಾದವರು. ತೀರಿಕೊಂಡ ಯಜಮಾನರ ಹೆಂಡತಿ. ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ. ಹೆಂಡತಿಗಾಗಿಯೇ ಗಂಡ ಈ ಪ್ರಯೋಗಾಲಯ ಕಟ್ಟಿದರೆಂದು ಪತ್ರಿಕೆಯವರು ಹಿಂದೆ ಹೊಗಳಿ ಬರೆದಿದ್ದರು. ಆಮೇಲೆ ಗಂಡನಿಗೂ ಅದೇ ಕಾಯಿಲೆ ಬಂದಾಗ, ಸಂಸಾರದಲ್ಲಿ ಎಲ್ಲ ಸಮಪಾಲು ಎಂದು ಇವರು ನಕ್ಕಿದ್ದರಂತೆ. ಅಲ್ಲಿಂದ ಇಬ್ಬರ ತೋಳಲ್ಲೂ ಚಿಪ್, ಇಬ್ಬರ ಸೊಂಟದಲ್ಲೂ ಪಂಪ್.

“ಪೊರೆ ಯಾಕೆ ಬೇಕು?” ಜರಡಿ ಕೇಳಿದಳು. “ದಡ್ಡಿಗೆ ಹೇಳೋ ಹಾಗೆ ಹೇಳಿ.”

“ಲೋಹಕ್ಕೆ ವಿವೇಚನೆ ಇಲ್ಲ ನೋಡಿ. ಯಾರು ಬಂದು ಎಲೆಕ್ಟ್ರಾನ್ ಕೊಟ್ರೂ ತಗೊಳ್ಳುತ್ತೆ. ಸಕ್ಕರೆ ಕಡೆಯವರೋ, ಮಾತ್ರೆ ಕಡೆಯವರೋ, ಕೇಳಲ್ಲ.”

“ನಮ್ಮ ಕೆಲವು ಗುಮಾಸ್ತರ ಹಾಗೆ.”

ಡಾಕ್ಟರಮ್ಮ ನಗಲಿಲ್ಲ. “ಅದಕ್ಕೇ ಮೇಲೊಂದು ಪೊರೆ. ಸಕ್ಕರೆಯಿಂದ ಹುಟ್ಟೋ ಪುಟ್ಟ ಅಣು ಮಾತ್ರ ನುಸುಳುತ್ತೆ. ಜ್ವರದ ಮಾತ್ರೆಯಂಥ ದಪ್ಪಗಿನವು ಹೊರಗೇ ನಿಲ್ತವೆ. ಪೊರೆ ಇಲ್ದಿದ್ರೆ ಮಾತ್ರೆಯನ್ನೂ ಸಕ್ಕರೆ ಅಂತ್ಲೇ ಎಣಿಸಿಬಿಡುತ್ತೆ. ಅವತ್ತು ಅವರಿಗೆ ಜ್ವರ ಬಂದಿತ್ತು. ನನ್ನ ಡ್ರಾಯರಿಂದಲೇ ಮಾತ್ರೆ ತಗೊಂಡ್ರು. ನನಗೆ ದಿನಾ ತಲೆನೋವು, ಅದಕ್ಕೂ ಅದೇ ಮಾತ್ರೆ.”

ಹೇಳುವಾಗ ಧ್ವನಿ ನಡುಗಲಿಲ್ಲ. ಅಳು ಎಲ್ಲ ಮನೆಯಲ್ಲೇ ಮುಗಿಸಿ ಬಂದಂತಿತ್ತು. ಹೊರಗೆ ಬೀದಿಯಲ್ಲಿ ಲಾರಿಯೊಂದು ಹಿಂದಕ್ಕೆ ಸರಿಯುತ್ತ ಕೀಂ ಕೀಂ ಎನ್ನುತ್ತಿತ್ತು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಇಳಿದು ಸ್ಟೀಲ್ ತೊಟ್ಟಿಯ ಮೇಲೆ ಕೂತಿತ್ತು. ಮೇಜಿನ ಒಂದು ಮೂಲೆಯಲ್ಲಿ ಹಾಳಾದ ಚಿಪ್ಪುಗಳನ್ನು ಎಸೆಯುವ ಬಟ್ಟಲು, ಇನ್ನೊಂದು ಮೂಲೆಯಲ್ಲಿ ನೀಲಿ ಮುಚ್ಚಳದ್ದೊಂದು, ಬಿಳಿ ಮುಚ್ಚಳದ್ದೊಂದು ಡಬ್ಬಿ.

“ಲೇಪ ಹಾಕದೇ ಇದ್ದಿದ್ರೆ ಈ ಚೂರುಗಳೆಲ್ಲಿಂದ ಬಂದ್ವು?” ಎಂದು ಜರಡಿ ಜಾಗ ಬಿಟ್ಟುಕೊಟ್ಟಳು.

ಡಾಕ್ಟರಮ್ಮ ಈ ಚಿಪ್ ನೋಡುತ್ತಿರುವುದು ಇದೇ ಮೊದಲು. ಇಷ್ಟು ದಿನ ಅದು ಪೊಲೀಸರ ಕಪಾಟಿನಲ್ಲಿತ್ತು. ಬಾಗಿ ನೋಡಿದರು. ಪ್ಲಾಟಿನಂ ಪಟ್ಟಿಯ ಅಂಚಿನಲ್ಲಿ ಹಳೆಯ ಗೋಡೆಯ ಸುಣ್ಣ ಎದ್ದ ಹಾಗೆ ಪೊರೆಯ ಹರಕುಗಳು ಅಂಟಿಕೊಂಡಿದ್ದವು.

“ಎದ್ದುಬಂದಿದೆ,” ಎಂದರು. “ಕೆಟ್ಟದಾಗಿ ಹಾಕಿದ್ದಾಳೆ ಅಂತಾಯ್ತು. ತಪ್ಪು ತಪ್ಪೇ.”

ಜರಡಿ ವಾದಕ್ಕಿಳಿಯಲಿಲ್ಲ. ಡಾಕ್ಟರಮ್ಮನ ಬಗ್ಗೆ ಅವಳು ಎರಡು ದಿನದಿಂದ ಊರೆಲ್ಲ ಕೇಳಿಕೊಂಡು ಬಂದಿದ್ದಳು. ಎಲ್ಲರೂ ಹೇಳಿದ್ದು ಒಂದೇ ಮಾತು: ಯಾರಾದರೂ ತಪ್ಪು ಹೇಳಿದರೆ ಈ ಹೆಂಗಸು ತಿದ್ದದೆ ಇರಲಾರರು. ಗಂಡನ ಅಂತ್ಯಕ್ರಿಯೆಗೆ ಬಂದ ಯಾರೋ ಸತ್ತವರ ವಯಸ್ಸು ತಪ್ಪಾಗಿ ಹೇಳಿದಾಗ ಅಳುತ್ತಲೇ ತಿದ್ದಿದ್ದರಂತೆ. ಜರಡಿಗೆ ಬೇಕಾಗಿದ್ದದ್ದು ಈ ಚಾಳಿಯೇ.

“ಇರಲಿ ಬಿಡಿ,” ಎಂದಳು ಆಕಳಿಸುತ್ತ. “ಆ ಬೆಳ್ಳಿ ಪಟ್ಟಿ ಕಪ್ಪಾಗಿರೋದು ಕಂಡು ನಾನೇನೋ ಅಂದ್ಕೊಂಡಿದ್ದೆ. ಬೆಳ್ಳಿ ಅಲ್ವಾ, ಗಾಳಿಗೆ ಬಿಟ್ರೆ ಕಪ್ಪಾಗುತ್ತೆ. ನಮ್ಮ ಮನೆ ಲೋಟನೂ ಹಾಗೇ.”

“ತಪ್ಪು,” ಎಂದರು ಡಾಕ್ಟರಮ್ಮ.

“ತಪ್ಪಾ?”

“ನಿಮ್ಮ ಲೋಟ ಕಪ್ಪಾಗೋದು ಗಾಳಿಯಲ್ಲಿರೋ ಗಂಧಕದಿಂದ. ಇಲ್ಲಿ ಗಾಳಿಗೇನು ಕೆಲಸ? ಚಿಪ್ ಒಳಗೆ ಯಾವಾಗಲೂ ಉಪ್ಪುನೀರು ತುಂಬಿಟ್ಟಿರ್ತೀವಿ. ಬೆಳ್ಳಿ ಮೇಲೆ ತೆಳ್ಳಗೆ ಕ್ಲೋರೈಡ್ ಇರುತ್ತೆ, ತಿಳಿ ಬೂದು ಬಣ್ಣ. ಅದು ಹೀಗೆ ದಪ್ಪವಾಗಿ ಕಪ್ಪಾಗಬೇಕು ಅಂದ್ರೆ ಕರೆಂಟು ಹರೀಬೇಕು. ಅದೂ ಉಲ್ಟಾ ಹರೀಬೇಕು.”

“ಉಲ್ಟಾ ಅಂದ್ರೆ?”

“ಕೆಂಪು ಕ್ಲಿಪ್ ಪ್ಲಾಟಿನಂಗೆ, ಕಪ್ಪು ಕ್ಲಿಪ್ ಬೆಳ್ಳಿಗೆ. ಇಲ್ಲಿ ಕೆಲಸಕ್ಕೆ ಸೇರಿದವರಿಗೆ ಮೊದಲನೇ ಪಾಠ ಅದು. ಅದಲುಬದಲು ಮಾಡಿದ್ರೋ, ಪ್ಲಾಟಿನಂ ಮೇಲೆ ಹೈಡ್ರೋಜನ್ ಗುಳ್ಳೆ ಏಳುತ್ತೆ. ಪೊರೆಯನ್ನ ಕೆಳಗಿನಿಂದ ಎತ್ತಿ ಹರಿದುಹಾಕುತ್ತೆ. ಈ ತುದಿಯಲ್ಲಿ ಎಷ್ಟು ನಡೀತೋ ಅಷ್ಟೇ ಲೆಕ್ಕಕ್ಕೆ ಆ ತುದಿಯಲ್ಲೂ ನಡೀಬೇಕು. ಅಲ್ಲಿ ಬೆಳ್ಳಿ…”

ಅವರ ಮಾತು ಅಲ್ಲೇ ನಿಂತಿತು.

“ಕಪ್ಪಾಗುತ್ತೆ,” ಎಂದು ಜರಡಿ ಮುಗಿಸಿದಳು. “ಹಾಗಾದ್ರೆ ಪೊರೆ ಇತ್ತು ಡಾಕ್ಟರಮ್ಮ. ಚಿಮಟ ಸರಿಯಾಗೇ ಹಾಕಿದ್ಲು. ಆಮೇಲೆ ಯಾರೋ ಕ್ಲಿಪ್ ಉಲ್ಟಾ ಹಾಕಿ ಎಬ್ಬಿಸಿದ್ರು.”

ಡಾಕ್ಟರಮ್ಮ ಸ್ಟೂಲಿನ ಮೇಲೆ ಕೂತರು. “ಅವಳೇ ಎಬ್ಬಿಸಿರಬಹುದಲ್ಲ?”

“ಕೈತಪ್ಪಿ?”

“ಕೈತಪ್ಪಿದ್ರೆ ಕಣ್ಣು ಮಿಟುಕಿಸೋದ್ರಲ್ಲಿ ಕಿತ್ತುಬಿಡ್ತಾರೆ. ಇಷ್ಟು ಕಪ್ಪಾಗೋಕೆ ಹಾಗೇ ಬಿಟ್ಟು ಕಾಯಬೇಕು. ಬೇಕಂತ್ಲೇ ಮಾಡಿರೋದು.” ಈಗ ಮಾತ್ರ ಅವರ ಧ್ವನಿ ಒಡೆಯಿತು. “ಗಾಜು ತೊಳೆಯೋಕೆ ಅಂತ ಬಂದ ಹುಡುಗಿ. ನಾನು ಕೈಹಿಡಿದು ಕಲಿಸಿದೆ. ನಮಗೆ ಮಕ್ಕಳಿಲ್ಲ. ಅಕ್ಕಾ ಅಕ್ಕಾ ಅಂತ ನನ್ನ ಹಿಂದೇನೇ ಇರ್ತಿದ್ಲು, ಒಂದೇ ಮೇಜಿನಲ್ಲಿ ಊಟ ಮಾಡ್ತಿದ್ವಿ. ಅವರು ಮಾತ್ರ ಅವಳನ್ನ ಕಂಡ್ರೆ ಸಿಡುಕ್ತಿದ್ರು. ಹೋದ ತಿಂಗಳು ಎಲ್ಲರೆದುರು ಬೈದ್ರು. ಅದಕ್ಕೆ ಈ ಸೇಡು ತೀರಿಸ್ಕೊಂಡ್ಲು ಅಂದ್ರೆ ನನ್ನ ಹೊಟ್ಟೆಗೆ ಬೆಂಕಿ ಬೀಳಲ್ವಾ?”

ಜರಡಿ ಮಸೂರದ ಕೆಳಗಿನ ಚಿಪ್ಪಿನ ಕಡೆ ನೋಡಿದಳು. ಅವಳಿಗೆ ಬೆಳಗಿನ ಠಾಣೆ ನೆನಪಾಯಿತು. ಬೆಂಚಿನ ಮೇಲೆ ಕೂತು ಚಿಮಟ ನೀರು ಕುಡಿಯುತ್ತಿದ್ದಳು. ಬೆಳ್ಳಿ ಅರ್ಧ ಮಾತ್ರ ಕಪ್ಪಾಗಿದೆ ಎಂದು ಜರಡಿ ಹೇಳಿದ್ದೇ ತಡ, ಲೋಟ ಬಾಯಿಯ ಹತ್ತಿರವೇ ನಿಂತಿತು. “ಯಾವ ಅರ್ಧ?” ಎಂದು ಕೇಳಿದಳು. ಕಾಲುವೆ ಬಾಗುವ ಕಡೆಯಿಂದ ಈಚೆ ಕಪ್ಪು, ಬಾಗುವಿನಲ್ಲಿ ಬೂದು ಎಂದಾಗ ಲೋಟ ಕೆಳಗಿಟ್ಟಳು. ಆಮೇಲೆ ಬಾಯಿಗೆ ಬೀಗ. ಸಾಹೇಬರು ಗದರಿಸಿದರೂ ತುಟಿ ಬಿಚ್ಚಲಿಲ್ಲ.

“ಇನ್ನೊಂದೇ ಅನುಮಾನ,” ಎಂದಳು ಜರಡಿ. “ಕರೆಂಟು ಹರಿದ್ರೆ ಪಟ್ಟಿ ಪೂರ್ತಿ ಕಪ್ಪಾಗಬೇಕು. ಇದು ಯಾಕೆ ಅರ್ಧ?”

“ಅರ್ಧ?”

ಡಾಕ್ಟರಮ್ಮ ಮತ್ತೆ ಬಾಗಿದರು. ಚಿಪ್ಪನ್ನು ಮೆಲ್ಲಗೆ ಸರಿಸಿ ಬೆಳ್ಳಿ ಪಟ್ಟಿಯನ್ನು ನಡುವಿಗೆ ತಂದರು. ತಿರುಪಿನ ಮೇಲಿದ್ದ ಬೆರಳು ತಿರುಗುತ್ತ ತಿರುಗುತ್ತ ನಿಂತಿತು. ಅವರು ತಲೆ ಎತ್ತಲು ತುಂಬ ಹೊತ್ತು ತೆಗೆದುಕೊಂಡರು.

“ಗುಳ್ಳೆ,” ಎಂದರು. “ಇದೆಲ್ಲ ದ್ರವ ಲೋಹವನ್ನ ಮುಟ್ಟಿದ ಕಡೆ ಮಾತ್ರ ಆಗೋ ಕೆಲಸ. ಆ ಅರ್ಧದ ಮೇಲೆ ಗಾಳಿಗುಳ್ಳೆ ಕೂತಿತ್ತು. ಉಪ್ಪುನೀರು ಮುಟ್ಟಲಿಲ್ಲ.”

“ನೀವು ಹೇಳಿದ್ರಲ್ಲ, ಹೈಡ್ರೋಜನ್ ಗುಳ್ಳೆ. ಅದೇ ಬಂದು ಕೂತಿರಬಹುದು.”

“ಇಲ್ಲ. ಅದು ಹರಿವಿನ ಜೊತೆ ಮುಂದಕ್ಕೆ ಹೋಗುತ್ತೆ. ಬೆಳ್ಳಿ ಇರೋದು ಹಿಂದೆ, ಕಾಲುವೆ ಬಾಗೋ ಕಡೆ. ಕರೆಂಟು ಕೊಡೋ ಮುಂಚೆ ಹೊಸದಾಗಿ ಉಪ್ಪುನೀರು ತುಂಬ್ತಾರೆ, ಇದು ಆಗ ಸಿಕ್ಕಿಕೊಂಡ ಗಾಳಿ.”

“ನೀವು ಹೇಗೆ ತುಂಬ್ತೀರಿ? ಒಂದು ಸಲ ತೋರಿಸಿ.”

ಡಾಕ್ಟರಮ್ಮ ಬಿಳಿ ಮುಚ್ಚಳದ ಡಬ್ಬಿಯಿಂದ ಒಂದು ಚಿಪ್ ತೆಗೆದು, ಒಳಗಿನ ನೀರನ್ನು ಕಾಗದಕ್ಕೆ ಹೀರಿಸಿದರು. ಆಮೇಲೆ ಅದನ್ನು ಓರೆಯಾಗಿ ಹಿಡಿದು ಕಾಲುವೆಯ ಬಾಯಿಗೊಂದು ಹನಿ ಇಟ್ಟು ಸುಮ್ಮನೆ ಕಾದರು. ಯಾರೂ ತಳ್ಳದೆ ಉಪ್ಪುನೀರು ತಾನಾಗಿ ಕಾಲುವೆಯೊಳಗೆ ಹತ್ತಿತು, ಬಾಗುವಿನಲ್ಲಿ ಅಂಚು ಹಿಡಿದು ತಿರುಗಿತು, ಆ ಕಡೆಯ ಬಾಯಲ್ಲಿ ಮಣಿಯಾಗಿ ನಿಂತಿತು. ಮಸೂರದ ಕೆಳಗೆ ನೋಡಿದರೆ ಒಂದು ಗುಳ್ಳೆಯೂ ಇಲ್ಲ.

“ಚಿಮಟ ತುಂಬಿದ್ರೆ?”

“ಅವಳಿಗೆ ಕಲಿಸಿದ್ದು ನಾನು. ಅವಳ ಕೈ ನನ್ನ ಕೈಗಿಂತ ಶಾಂತ.”

“ಮತ್ತೆ ಯಾರ ಕೈಯಲ್ಲಿ ಗುಳ್ಳೆ ಉಳಿಯುತ್ತೆ?”

ಡಾಕ್ಟರಮ್ಮ ಕೈಗವಸು ಬಿಚ್ಚತೊಡಗಿದರು. ಒಂದೊಂದೇ ಬೆರಳು ಎಳೆದು ಬಿಚ್ಚಿದರು. ಜರಡಿ ಕಾದಳು, ಕಾಯುವುದೇ ಅವಳ ಅರ್ಧ ಸಂಬಳದ ಕೆಲಸ.

“ಒಬ್ಬರೇ,” ಎಂದರು ಕೊನೆಗೆ. “ತಾನಾಗಿ ಹತ್ತೋವರೆಗೆ ಕಾಯೋಕೆ ಅವರಿಗೆ ತಾಳ್ಮೆ ಇರಲಿಲ್ಲ. ಸಿರಿಂಜ್ ಹಿಡಿದು ಒಂದೇ ಸಲ ಒತ್ತಿಬಿಡೋರು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ನಾನು ಬೈತಿದ್ದೆ. ಯಾವಾಗಲೂ ಅದೇ ಬಾಗುವಿನಲ್ಲಿ ಗಾಳಿ ಉಳೀತಿತ್ತು. ಚಿಪ್ಪು ಮುಟ್ಟಬೇಡಿ, ಆಫೀಸಿನಲ್ಲಿ ಕೂತಿರಿ ಅಂತ ನಾನೇ ಕಳಿಸಿದ್ದೆ.”

“ಯಾರನ್ನ?”

“ನನ್ನ ಗಂಡನ್ನ.”

ಬೀದಿಯ ಲಾರಿ ಹೊರಟುಹೋಗಿತ್ತು. ಕೋಣೆಯಲ್ಲಿ ಫ್ರಿಜ್ ಗುಂಯ್‌ಗುಟ್ಟುವುದೊಂದೇ ಸದ್ದು.

“ಹಾಗಾದ್ರೆ ಅವರೇ,” ಡಾಕ್ಟರಮ್ಮ ತಮ್ಮಷ್ಟಕ್ಕೆ ಹೇಳಿಕೊಂಡರು. “ಅವರೇ ಹಾಳು ಮಾಡಿ, ಅವರೇ ಹಾಕ್ಕೊಂಡ್ರಾ? ಸಾಯೋಕೆ? ನನಗೆ ಒಂದು ಮಾತು ಹೇಳದೆ?”

ಜರಡಿಗೆ ಆ ಕ್ಷಣ ಇಲ್ಲಿಗೇ ನಿಲ್ಲಿಸಿಬಿಡೋಣ ಅನ್ನಿಸಿದ್ದು ನಿಜ. ಆತ್ಮಹತ್ಯೆ ಎಂದು ಬರೆದರೆ ಸಾಹೇಬರಿಗೆ ಫೈಲು ಮುಚ್ಚಿತು, ಹುಡುಗಿ ಮನೆಗೆ ಹೋದಳು, ಈ ಹೆಂಗಸಿಗೆ ಅಳಲು ಒಂದು ಕಾರಣ ಸಿಕ್ಕಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಆದರೆ ಬೆಳಿಗ್ಗೆಯಿಂದ ಅವಳ ಕಣ್ಣಿಗೆ ಒಂದು ಕಸ ಚುಚ್ಚುತ್ತಿತ್ತು, ಅದನ್ನು ತೆಗೆಯದೆ ಇರುವುದು ಅವಳಿಂದಾಗದ ಕೆಲಸ.

“ಅವರ ಚಿಪ್ಪುಗಳು ಇರೋ ಡಬ್ಬಿ ಯಾವುದು?”

“ನೀಲಿ ಮುಚ್ಚಳದ್ದು. ಬಿಳಿದು ನನ್ನದು.”

ಜರಡಿ ಅದರಿಂದ ಒಂದು ಚಿಪ್ ತೆಗೆದು, ಸತ್ತವರ ತೋಳಿನಿಂದ ಬಂದ ಚಿಪ್ಪಿನ ಪಕ್ಕಕ್ಕಿಟ್ಟಳು. “ನೋಡಿ. ಒಂದೇ ಮಸೂರ, ಒಂದೇ ದೂರ. ಇದರ ಕಾಲುವೆ ಅಗಲ, ಅದರದ್ದು ಕಿರಿದು. ಯಾಕೆ?”

“ನನ್ನ ತೋಳು ಸಣ್ಣ. ಚರ್ಮದಡಿಯಿಂದ ರಸ ಕಡಿಮೆ ಬರುತ್ತೆ. ಅದಕ್ಕೆ ನನ್ನ ಚಿಪ್ಪಿಗೆ ಕಿರಿದಾದ ಕಾಲುವೆ, ಅವರದ್ದಕ್ಕೆ ಅಗಲದ್ದು. ಹೊರಗಿಂದ ನೋಡಿದ್ರೆ ಎರಡೂ ಒಂದೇ ತರ. ಡಬ್ಬಿ ಬೇರೆ, ಅಷ್ಟೇ.”

ಸರಾಗವಾಗಿ ಹೇಳಿ ಮುಗಿಸಿದರು. ಹೇಳಿ ಮುಗಿಸಿದ ಮೇಲೆಯೇ ತಾವು ಹೇಳಿದ್ದು ಅವರಿಗೆ ಕೇಳಿಸಿತು. ಬಾಗಿ ನೋಡಿದರು. ಮತ್ತೊಮ್ಮೆ ನೋಡಿದರು.

“ಇದು ನನ್ನ ಚಿಪ್,” ಎಂದರು.

ಜರಡಿ ಎರಡು ಚಿಪ್ಪುಗಳನ್ನೂ ಮಸೂರದ ಕೆಳಗೇ ಬಿಟ್ಟಳು.

ಡಾಕ್ಟರಮ್ಮ ಎಡತೋಳಿನ ಬಟ್ಟೆ ಮೇಲೆ ಸರಿಸಿದರು. ಅಲ್ಲಿ ಅಂಟಿದ್ದ ಚಿಪ್ಪನ್ನು ಯಾರದೋ ಗಾಯ ನೋಡಿದಂತೆ ನೋಡಿದರು. “ಅವತ್ತು ಬೆಳಿಗ್ಗೆ ಇಬ್ಬರೂ ಒಟ್ಟಿಗೇ ಹೊಸ ಚಿಪ್ ಹಾಕ್ಕೊಂಡ್ವಿ. ಅಲ್ಲಿಂದ ನನ್ನದು ಲೆಕ್ಕ ತಡವಾಗಿ ತೋರಿಸ್ತಿದೆ. ದುಃಖಕ್ಕೆ ಮೈ ಹೀಗಾಗಿದೆ ಅಂದ್ಕೊಂಡಿದ್ದೆ. ಇದು ಅಗಲದ ಕಾಲುವೆ, ನನ್ನ ತೋಳಿಗೆ ಹೊಂದಲ್ಲ, ಅದಕ್ಕೇ ತಡ. ಇದು ಅವರದ್ದು. ನನ್ನದು ಅವರ ಮೈಮೇಲಿತ್ತು.”

“ಅವತ್ತೂ ತಲೆನೋವಿನ ಮಾತ್ರೆ ತಗೊಂಡ್ರಾ?”

“ದಿನಾ ತಗೋತೀನಿ. ಅವರಿಗೆ ಗೊತ್ತು.”

ಅಷ್ಟು ಹೇಳಿ ಬಟ್ಟೆ ಕೆಳಗೆ ಎಳೆದುಕೊಂಡರು. ತನ್ನನ್ನು ಕೊಲ್ಲಲು ಕೂತು ಕಾದವನಿಗಾಗಿ ಒಂದು ವಾರ ಅತ್ತಿದ್ದೇನೆ ಎಂಬುದು ಒಬ್ಬ ಹೆಂಗಸಿಗೆ ಗೊತ್ತಾಗುವುದನ್ನು ಜರಡಿ ಇಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಅವಳಿಗೆ ಅಯ್ಯೋ ಅನ್ನಿಸಿತು. ಕೆಲಸ ಕೆಲಸವೇ, ಆದರೂ ಅಯ್ಯೋ ಅನ್ನಿಸಿತು.

“ಸಿಡುಕು ಸ್ವಭಾವದವರು, ಆದರೆ ನನ್ನ ಮೇಲೆ ಒಂದು ದಿನವೂ…” ಎಂದು ಡಾಕ್ಟರಮ್ಮ ಶುರುಮಾಡಿ ಅರ್ಧಕ್ಕೇ ಬಿಟ್ಟರು.

ಚಿಮಟ ಲೇಪ ಬಿಟ್ಟಿಲ್ಲ, ಕ್ಲಿಪ್ ಉಲ್ಟಾ ಹಾಕಿಲ್ಲ. ಹುಡುಗಿಯನ್ನು ಬಿಡಿಸಲು ಇಷ್ಟು ಸಾಕು. ಜರಡಿ ಫೋನ್ ತೆಗೆದು ಠಾಣೆಗೆ ಮಾಡಿದಳು. ಎತ್ತಿದವನು ಮೀಸೆ ಕಾನ್‌ಸ್ಟೇಬಲ್. ಅವನ ಧ್ವನಿ ಫೋನಿಲ್ಲದಿದ್ದರೂ ಇಲ್ಲಿಗೆ ಕೇಳಿಸುವಂಥದ್ದು.

“ಹುಡುಗಿಯನ್ನ ಮನೆಗೆ ಕಳಿಸಿ. ಸಾಹೇಬರಿಗೆ ನಾನು ಹೇಳ್ತೀನಿ,” ಎಂದಳು.

“ಅಯ್ಯೋ ಮೇಡಂ, ನಾನೇ ನಿಮಗೆ ಮಾಡೋಣ ಅಂತಿದ್ದೆ. ಅವಳು ಈಗಷ್ಟೇ ಬಾಯಿಬಿಟ್ಲು. ಹೇಳಿಕೆ ಬರ್ಕೊಂಡು ಸಹಿನೂ ಆಯ್ತು.”

“ಏನಂತ?”

“ಓದ್ತೀನಿ ಕೇಳಿ. ಯಜಮಾನರು ಬಾಗಿಲು ಹಾಕ್ಕೊಂಡು ಅಕ್ಕನ ಚಿಪ್ಪಿಗೆ ಕ್ಲಿಪ್ ಹಾಕಿ ಕೂತಿದ್ದನ್ನ ಗಾಜಿನಾಚೆಯಿಂದ ಕಂಡೆ. ಅವರು ಅದನ್ನ ಬಿಳಿ ಡಬ್ಬಿಯಲ್ಲಿ ಮೇಲಿಟ್ಟರು. ಅವರು ಹೋದ ಮೇಲೆ ಅದನ್ನ ತೆಗೆದು ನೀಲಿ ಡಬ್ಬಿಯಲ್ಲಿ ಮೇಲಿಟ್ಟಿದ್ದು ನಾನು. ಅವರದ್ದೊಂದನ್ನ ಬಿಳಿ ಡಬ್ಬಿಗೆ ಇಟ್ಟಿದ್ದೂ ನಾನು. ಬೇಕಂತಲೇ ಮಾಡಿದೆ. ಇಷ್ಟೇ ಮೇಡಂ. ಬೇರೆ ಏನು ಕೇಳಿದ್ರೂ ಉತ್ತರ ಇಲ್ಲ.”

ಜರಡಿ ಕಣ್ಣು ಮುಚ್ಚಿದಳು. ಯಜಮಾನರು ಅಂದು ಏನು ಮಾಡುತ್ತಿದ್ದರೆಂದು ಹುಡುಗಿಗೆ ಅನುಮಾನವಷ್ಟೇ ಇದ್ದಿರಬೇಕು. ಬೆಳ್ಳಿಯ ವಿಷಯ ಹೇಳಿ ಅದನ್ನು ಖಾತ್ರಿ ಮಾಡಿದ್ದು ತಾನೇ. ಬಿಡಿಸಲು ಹೋಗಿ ಕುಣಿಕೆಯನ್ನು ತನ್ನ ಕೈಯಾರೆ ಒಯ್ದು ಕೊಟ್ಟಂತಾಗಿತ್ತು.

“ಹಾಳಾದದ್ದನ್ನ ಎಸೆಯೋಕೆ ಬಟ್ಟಲು ಇಲ್ಲೇ ಇತ್ತು,” ಎಂದಳು ಯಾರಿಗೆಂದಿಲ್ಲದೆ. “ಎಸೆದು ಸುಮ್ಮನಿದ್ದಿದ್ರೆ ಯಾರೂ ಸಾಯ್ತಿರಲಿಲ್ಲ.”

“ಎಸೆದಿದ್ರೆ ಅವರು ಇನ್ನೊಂದು ಮಾಡ್ತಿದ್ರು,” ಎಂದರು ಡಾಕ್ಟರಮ್ಮ.

ಅವರು ಎದ್ದು ನಿಂತಿದ್ದರು. ಮುಖ ತೊಳೆದು ಬಂದವರ ಹಾಗೆ ಶಾಂತವಾಗಿದ್ದರು. “ಫೋನ್ ಇಡಬೇಡಿ. ಅವರಿಗೂ ಕೇಳಿಸಲಿ. ಆ ಹುಡುಗಿ ಸುಳ್ಳು ಹೇಳ್ತಿದ್ದಾಳೆ. ಡಬ್ಬಿ ಬದಲಾಯಿಸಿದ್ದು ನಾನು.”

“ಡಾಕ್ಟರಮ್ಮ, ಅದು ನಿಮ್ಮ ಚಿಪ್ ಅಂತ ಗೊತ್ತಾದಾಗ ನಿಮ್ಮ ಮುಖ ಹೇಗಾಯ್ತು ಅಂತ ಈಗಷ್ಟೇ ನೋಡ್ದೆ.”

“ಮುಖವನ್ನ ಕೋರ್ಟಿಗೆ ಹಾಜರು ಮಾಡೋಕಾಗುತ್ತಾ?” ಅವರು ಮೈಕ್ರೋಸ್ಕೋಪಿನ ದೀಪ ಆರಿಸಿ, ಕುರ್ಚಿಯ ಬೆನ್ನಿಗೆ ಹಾಕಿದ್ದ ಕೈಚೀಲ ತೆಗೆದುಕೊಂಡರು. “ಚಿಪ್ ನಂದು, ಡಬ್ಬಿ ನಂದು, ಗಂಡ ನನ್ನವನು. ಅವರ ಕೈಚಳಕ ಗುರುತು ಹಿಡಿಯೋಕೆ ನನಗಿಂತ ಬೇರೆ ಯಾರಿಗೆ ಬರುತ್ತೆ ಅಂತ ನಾಳೆ ಜಡ್ಜ್ ಕೇಳಿದ್ರೆ ನೀವು ಏನು ಹೇಳ್ತೀರಿ?”

ಜರಡಿ ಫೋನನ್ನು ಕಿವಿಯಿಂದ ಇಳಿಸಿದಳು. ಫೋನಿನಲ್ಲಿ ಮೀಸೆ “ಹಲೋ, ಡಬ್ಬಿ ಬದಲಾಯಿಸಿದ್ದು ಡಾಕ್ಟರಮ್ಮನಾ?” ಎಂದು ಕೂಗುತ್ತಿದ್ದ. ಅವನ ಹಿಂದೆ ಎಲ್ಲೋ ಒಂದು ಹುಡುಗಿಯ ಧ್ವನಿ “ಅಕ್ಕಾ, ಬೇಡ” ಎಂದು ಕೂಗಿತು.

“ನಡೀರಿ,” ಎಂದರು ಡಾಕ್ಟರಮ್ಮ. “ಸಂಜೆಯೊಳಗೆ ಠಾಣೆ ಸೇರಬೇಕು.”